ವೈನಿ ತಿರುಗಿಸಿದ ನೀರು

ಹೋದ ವರ್ಷ ಬೇಸಿಗೆಯ ಮಾತು. ನಾನು ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಕರಾವಳಿಯಿಂದ ವರ್ಗವಾಗಿ ನಮ್ಮ ಪಕ್ಕದ ಮನೆಗೆ ಬಂದ ಬ್ಯಾಂಕಿನ ಮೇಡಂ ಒಬ್ಬರು ಉಪ್ಪುನೀರಿನ ಸಣ್ಣ ಗಾಜಿನ ತೊಟ್ಟಿ ಇಟ್ಟಿದ್ದರು. ಅದರಲ್ಲಿ ಎರಡು ಮೀನು, ಒಂದು ಜೀವಂತ ಹವಳ. ಹವಳವೆಂದರೆ ಉಂಗುರದಲ್ಲಿರುವುದು ಎಂದುಕೊಂಡಿದ್ದ ನನಗೆ, ಅದು ನೀರಿನಲ್ಲಿ ಬೆರಳು ಬಿಚ್ಚಿ ಆಡುವುದನ್ನು ನೋಡಿ ಆಶ್ಚರ್ಯವೋ ಆಶ್ಚರ್ಯ. ಮೇಡಂ ಅವರ ತೀರಿಹೋದ ತಮ್ಮ ಕೊಟ್ಟ ಹವಳ ಅದು.

ಹದಿನೈದು ದಿನದ ತರಬೇತಿಗೆ ಹೋಗುವಾಗ ಅವರು ಕೀಲಿ ನನ್ನ ಕೈಗಿತ್ತರು. "ನಿಶ್ಚಿಂತಿಲೆ ಹೋಗ್ರಿ ಮೇಡಂ, ನಾ ಅದೀನಲ್ಲ" ಎಂದು ದೊಡ್ಡದಾಗಿ ಹೇಳಿದೆ.

ಮೂರನೆಯ ದಿನ ಗಾಜು ಒರೆಸುವಾಗ ನೋಡಿದರೆ, ಒಳಗೆ ನೀರು ತಳ್ಳುವ ಪುಟ್ಟ ಪಂಪು ಹವಳವನ್ನು ಬಿಟ್ಟು ಗಾಜಿನ ಕಡೆ ಮುಖ ಮಾಡಿದೆ. ಮಳೆಯನ್ನೇ ನಂಬಿದ ಎರೆಹೊಲದ ಸೀಮೆಯಲ್ಲಿರುವವಳು ನಾನು. ಪಾಪ, ಹವಳಕ್ಕೂ ಚೆನ್ನಾಗಿ ನೀರು ಸಿಗಲಿ ಎಂದು ಪಂಪನ್ನು ನೇರ ಅದರ ಕಡೆ ತಿರುಗಿಸಿದೆ.

ಎರಡೇ ದಿನಕ್ಕೆ ಹವಳ ಮುದುಡಿ ಮುಷ್ಟಿಯಂತಾಯಿತು. ಆಹಾರ ಕಮ್ಮಿಯಾಯಿತೇ, ಬೆಳಕು ಹೆಚ್ಚಾಯಿತೇ ಎಂದು ಒದ್ದಾಡಿದೆ. ಪಂಪಿನ ಮೇಲೆ ಅನುಮಾನವೇ ಬರಲಿಲ್ಲ, ಅದನ್ನು ನಾನೇ ಸರಿ ಮಾಡಿದ್ದೆನಲ್ಲ. ಮೇಡಂ ಫೋಟೊ ಕೇಳಿದಾಗ ಮೊದಲ ದಿನ ತೆಗೆದದ್ದನ್ನೇ ಕಳಿಸಿಬಿಟ್ಟೆ.

ಮರುದಿನ ನಮ್ಮ ಅಣ್ಣನ ಹೆಂಡತಿ, ವೈನಿ, ತುಂಗಭದ್ರೆ ಹೊಳೆಯ ವಿರೂಪಾಪುರಗಡ್ಡೆಯಿಂದ ಅಕ್ಕಿ ಚೀಲ ಹಿಡಿದು ಬಸ್ಸಿನಲ್ಲಿ ಬಂದರು. ಶಾಲೆಯ ಮುಖ ಕಂಡವರಲ್ಲ, ಭತ್ತದ ಗದ್ದೆಗೆ ನೀರು ಹಾಯಿಸುವವರು. ನನ್ನ ಜೊತೆ ಮೇಡಂ ಮನೆಗೆ ಬಂದು, ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, "ಇದಕ್ಕ ನೀರಿನ ಹೊಡೆತ ಭಾಳ ಆಗೇತವಾ" ಎಂದರು.

"ಇದು ಗದ್ದಿ ಅಲ್ರಿ ವೈನಿ, ಸಮುದ್ರದ್ದು. ನಿಮಗೇನ ತಿಳಿತೈತಿ."

ವೈನಿ ಸಿಟ್ಟಾಗಲಿಲ್ಲ. "ಈಗಷ್ಟ ಹಚ್ಚಿದ ಸಸಿಗೆ ಕಾಲವಿ ನೀರು ಸೀದಾ ಬಿಟ್ರ ಬೇರ ಕಿತ್ತು ಹೊಕ್ಕಾವು. ನೀರು ಬದುವಿಗೆ ಬಡದು, ಸೊಕ್ಕ ಮುರದು, ಆಮ್ಯಾಲೆ ಸಸಿಗೆ ಬರಬೇಕು. ಇಲ್ಲಿ ಈ ಗಾಜಿಗೆ ಬಡೀಲಿ ನೋಡು."

ಆಗ ನನಗೆ ಹೊಳೆಯಿತು. ಮೇಡಂ ಬೇಕೆಂದೇ ಪಂಪನ್ನು ಹಾಗಿಟ್ಟಿದ್ದರು, ಕೆಡಿಸಿದವಳು ನಾನು. ಪಂಪನ್ನು ಮೊದಲಿನಂತೆ ತಿರುಗಿಸಿದೆ. ನೀರು ಗಾಜಿಗೆ ಬಡಿದು ಮೆಲ್ಲಗೆ ಸುತ್ತಿ ಬಂತು. ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ಒಂದೊಂದೇ ಬೆರಳು ಹೊರಗೆ ಬಂದಿದ್ದವು. ಗಾಜಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಹೊಸ ಫೋಟೊದ ಜೊತೆ ನಿಜವನ್ನೂ ಬರೆದು ಕಳಿಸಿದೆ. "ಮೊದಮೊದಲು ನಾನೂ ಇದೇ ತಪ್ಪು ಮಾಡಿದ್ದೆ. ನಿಮ್ಮ ವೈನಿಯನ್ನು ನೋಡ್ಬೇಕಲ್ಲ" ಎಂದು ಮೇಡಂ ಉತ್ತರಿಸಿದರು.

ಹವಳ ಉಳಿಯಿತು, ನನ್ನ ಮಾತೂ ಉಳಿಯಿತು. ಆ ನೆಮ್ಮದಿ ಇವತ್ತಿಗೂ ಇದೆ. ಒಂದೇ ಒಂದು ಚುಚ್ಚುತ್ತದೆ. ಅವತ್ತು ವೈನಿ ಸಿಟ್ಟಾಗದಿದ್ದುದು ಅವರ ದೊಡ್ಡತನ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಮದುವೆಯಾಗಿ ನಮ್ಮ ಮನೆಗೆ ಬಂದಾಗಿನಿಂದ "ನಿಮಗೇನ ತಿಳಿತೈತಿ" ಎಂಬ ಆ ಮಾತನ್ನು ನನ್ನ ಬಾಯಿಂದ ಕೇಳಿ ಕೇಳಿ ಅವರಿಗೆ ರೂಢಿಯಾಗಿಹೋಗಿತ್ತು.