ಯಾರೂ ಅಡ್ಡ ಬರಲಿಲ್ಲ

ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊ, ೨೦೦೬. ಪಾರ್ಕಿನಲ್ಲಿ ನಮ್ಮ ಬೆಂಗಳೂರು, ಧಾರವಾಡದ ಎಂಜಿನಿಯರುಗಳ ಭಾನುವಾರದ ಫುಟ್‌ಬಾಲ್. ನಾನು ಬೆಂಚಿನ ಮೇಲೆ ಕೂತು ಊಟದ ಚೀಲ ಕಾಯುತ್ತಿದ್ದೆ. ನನಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಮೈಸೂರಿನ ನದೀಮ್, ಪಕ್ಕದ ಮನೆಯ ರೂಬೆನ್‌ನನ್ನೂ ಕರೆತಂದಿದ್ದ. ರೂಬೆನ್ ಒಂದು ಕಾಲಕ್ಕೆ ಕೊಲಂಬಿಯಾದಲ್ಲಿ ಹೆಸರಾದ ಸ್ಟ್ರೈಕರ್. ಲಾಸ್ ಏಂಜಲೀಸಿಗೆ ಆಡಲು ಬಂದವನು ಮೊದಲ ಸೀಸನ್ನಿನಲ್ಲೇ ಮೊಣಕಾಲು ಮುರಿದುಕೊಂಡು, ಆಗ ಕಾರ್ಪೆಟ್ ಅಂಗಡಿಯ ವ್ಯಾನ್ ಓಡಿಸುತ್ತಿದ್ದ.

ಚೆಂಡು ಸಿಕ್ಕಿದ್ದೇ ತಡ, ಕುಂಟುತ್ತಲೇ ಓಡಿದ. ನಮ್ಮವರು ಮದುವೆಮನೆಯಲ್ಲಿ ಹಿರಿಯರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದರು. ಗೋಲ್‌ಕೀಪರ್ ಕೂಡ ನಗುತ್ತ ಕಂಬಕ್ಕೆ ಒರಗಿದ. ನಾನು ಆಗಲೇ ಚಪ್ಪಾಳೆ ಶುರುಮಾಡಿದ್ದೆ.

ರೂಬೆನ್ ಖಾಲಿ ಗೋಲಿನೆದುರು ಚೆಂಡನ್ನು ಪಾದದಡಿ ಒತ್ತಿ ನಿಂತ. ಒದೆಯಲಿಲ್ಲ. ಚೆಂಡನ್ನು ಅಲ್ಲೇ ಬಿಟ್ಟು ಬಂದು, ನನ್ನ ಪಕ್ಕ ಕೂತು ಬೂಟು ಬಿಚ್ಚತೊಡಗಿದ.

"ಮರ್ಯಾದೆ ಕೊಡೋಣ ಅಂತ ಬಿಟ್ವಿ ಅಂಕಲ್. ಬೇಜಾರ್ ಮಾಡ್ಕೊಂಡ್ನಾ?" ನದೀಮ್ ನನ್ನನ್ನು ಕೇಳಿದ.

ರೂಬೆನ್‌ಗೆ ಕನ್ನಡ ಬಾರದು, ಆದರೂ ಮಾತಿನ ಧಾಟಿಯಲ್ಲೇ ಊಹಿಸಿ, ತನ್ನ ಹರಕು ಇಂಗ್ಲಿಷಿನಲ್ಲಿ ನದೀಮ್‌ಗೇ ಉತ್ತರಿಸಿದ: "ಕೊಲಂಬಿಯಾದಲ್ಲಿ ನನ್ನನ್ನು ತಡೆಯಲು ಮೂವರು ಬೇಕಾಗುತ್ತಿದ್ದರು."

ಬೂಟುಗಳನ್ನು ಬೆಂಚಿನ ಕೆಳಗೇ ಬಿಟ್ಟು, ಕಾಲುಚೀಲದಲ್ಲೇ ವ್ಯಾನಿನತ್ತ ನಡೆದ. ನದೀಮ್ ಕೂಗಿ ಕರೆದ. ಅವನು ತಿರುಗಿ ನೋಡಲಿಲ್ಲ.