ಬೆಳಗಿನ ಹೊತ್ತು ಮಾತ್ರ ಕೆಡುವ ಆಂಟೆನಾ

ಈ ದಿನ ಬೆಳಿಗ್ಗೆ ಹಳೆಯ ಕೇಬಲ್ಲಿನ ತುದಿ ಕತ್ತರಿಸಿ ಬೆಸುಗೆ ಹಾಕುತ್ತಿದ್ದೆ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಮೂರು ಚಳಿಗಾಲದ ಹಿಂದಿನ ನನ್ನ ಪೆದ್ದತನ ನೆನಪಾಯಿತು. ನಿಮಗೆ ಹೇಳಿಬಿಡುತ್ತೇನೆ. ಮನೆಯವರು ಕೇಳಿ ಕೇಳಿ ಬೇಸತ್ತಿದ್ದಾರೆ.

ಕಾಶಿಯ ಶಿವಾಲದ ನಮ್ಮ ಬಾಡಿಗೆ ಮನೆಯಲ್ಲಿ ನಾನೊಂದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ದೂರದವರೊಡನೆ ಮಾತಾಡುವ ಯಂತ್ರ, ಇಟ್ಟುಕೊಂಡಿದ್ದೇನೆ. ತಾರಸಿಯ ಎರಡು ಬಿದಿರುಗಳ ನಡುವೆ ಬಿಗಿದ ತಾಮ್ರದ ತಂತಿಯೇ ಆಂಟೆನಾ; ಅಲ್ಲಿಂದ ನನ್ನ ಕೋಣೆಗೆ ಒಂದು ಕೇಬಲ್ಲು ಇಳಿಯುತ್ತದೆ. ದಿನಾ ಬೆಳಿಗ್ಗೆ ಏಳೂವರೆಗೆ ಗದುಗಿನ ಒಬ್ಬ ನಿವೃತ್ತ ಮೇಷ್ಟರೊಡನೆ ಹರಟೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ; ಅವರಿಗೆ ನಾನು ಬರೀ 'ಕಾಶಿ'. ಕಾಶಿಯಲ್ಲೇ ಹುಟ್ಟಿದ ನನ್ನ ಮಗಳಿಗೆ ಹಿಂದಿಯೇ ಸಲೀಸು; ಹೊಟ್ಟೆ ತುಂಬ ಕನ್ನಡವಾಡಲು ನನಗಿದ್ದವರು ಮೇಷ್ಟರೇ.

ಆ ವರ್ಷ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳು ಮಾತು ನಿಂತಿತು. ಕೊನೆಗೊಂದು ದಿನ ಅವರ ಹೆಂಡತಿ ಫೋನ್ ಮಾಡಿದರು. ಸೋಮವಾರದಿಂದ ಮಾತಾಡಬಹುದೆಂದು ಡಾಕ್ಟರು ಹೇಳಿದ್ದಾರೆ, ಮೊದಲ ಮಾತು ರೇಡಿಯೊದಲ್ಲೇ ಎಂದು ಇವರು ಹಟ ಹಿಡಿದಿದ್ದಾರೆ. ಉತ್ತರ ಬಾರದಿದ್ದರೆ ದನಿಯೇ ಹೋಯಿತೆಂದು ಕುಗ್ಗಿಬಿಡುತ್ತಾರೆ, ದಯವಿಟ್ಟು ತಪ್ಪಿಸಬೇಡಿ ಎಂದರು.

ಅದೇ ವಾರ ನನ್ನ ಆಂಟೆನಾ ಕೈಕೊಟ್ಟಿತು. ಬೆಳಿಗ್ಗೆ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತಿತ್ತು, ಅಂದರೆ ಕಳಿಸಿದ ಶಕ್ತಿ ಆಕಾಶಕ್ಕೆ ಹೋಗದೆ ವಾಪಸು ಬರುತ್ತಿತ್ತು. ಮಧ್ಯಾಹ್ನ ನೋಡಿದರೆ ಎಲ್ಲ ಸರಿ. ಇಬ್ಬನಿ ನುಗ್ಗಿದೆಯೆಂದು ಪ್ಲಗ್ಗು ಬದಲಿಸಿದೆ, ಆಮೇಲೆ ಇಡೀ ಕೇಬಲ್ಲನ್ನೇ ಬದಲಿಸಿದೆ. ನಮ್ಮ ಬೀದಿಯ ಕೋತಿಗಳಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಬೆಳಗಿನ ಚಳಿಗೆ ಹೆದರಿ ಆ ಹೊತ್ತಿನಲ್ಲಿ ತಾರಸಿ ಹತ್ತುವ ಕೆಲಸವೊಂದನ್ನು ಮಾತ್ರ ಮಾಡಲಿಲ್ಲ.

ಸೋಮವಾರ ಏಳೂಕಾಲಿಗೂ ಮುಳ್ಳು ಕೆಂಪಿನಲ್ಲೇ ಇತ್ತು. ಮಫ್ಲರ್ ಸುತ್ತಿಕೊಂಡು ಮೇಲೆ ಓಡಿದೆ. ನನ್ನ ತಂತಿಯ ಮೇಲೆ ಒಂದು ಒದ್ದೆ ಸೀರೆ! ಅದರ ಭಾರಕ್ಕೆ ತಂತಿ ಜಗ್ಗಿ ನೀರಿನ ಟ್ಯಾಂಕಿನ ಕಬ್ಬಿಣದ ಪೈಪಿಗೆ ತಗುಲಿತ್ತು.

ಸೀರೆ ಕೆಳಗಿನ ಮನೆಯ ರಮಾಬಾಯಿ ಕಾಕು ಅವರದು. ಹಾವೇರಿ ಕಡೆಯವರು, ಕೊನೆಗಾಲವನ್ನು ಕಾಶಿಯಲ್ಲೇ ಕಳೆಯಲು ಆ ವಾರವಷ್ಟೇ ಬಂದವರು, ಮಡಿ ಎಂದರೆ ಮಡಿ. ಎಲ್ಲರೂ ಬಟ್ಟೆ ಹರವುವ ಹಗ್ಗ ಅವರಿಗೆ ಮೈಲಿಗೆ. ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿದ್ದ ನನ್ನ ಆಂಟೆನಾ ಇಡೀ ಮನೆಯಲ್ಲೇ ಶುದ್ಧ ಜಾಗವಾಗಿ ಕಂಡಿತ್ತು. ನಸುಕಿನಲ್ಲಿ ಕೋಲಿನಿಂದ ಹರವಿ, ಮಧ್ಯಾಹ್ನ ಒಣಗಿದ ಮೇಲೆ ಅದನ್ನೇ ಉಟ್ಟು ದಿನದ ಒಂದೇ ಊಟಕ್ಕೆ ಅಡುಗೆ ಮಾಡುತ್ತಿದ್ದರು.

ಕೈ ಎತ್ತಿದವನು ಹಾಗೇ ನಿಂತೆ. ನಾನು ಮುಟ್ಟಿದರೆ ಸೀರೆಯನ್ನು ಮತ್ತೆ ಒಗೆದು ಒಣಗಿಸಬೇಕು. ಆ ಮಂಕು ಬಿಸಿಲಿನಲ್ಲಿ ಅಂದು ಅವರಿಗೆ ಊಟವಿಲ್ಲ. ಕೇಳೋಣವೆಂದರೆ ಕೇದಾರ ಘಾಟಿಗೆ ಹೋದವರು ಬರುವುದು ಒಂಬತ್ತಕ್ಕೆ. ಅವರ ಮಡಿಕೋಲು ಕೂಡ ಬೀಗದೊಳಗೆ. ಎಪ್ಪತ್ತೆಂಟರ ಮುದುಕಿಯ ಅನ್ನ ಕಿತ್ತುಕೊಳ್ಳುವ ಸಂಕಟ ಒಂದು ಕಡೆ, ಮೇಷ್ಟರು ಇನ್ನೊಂದು ಕಡೆ. ಸ್ಟೂಲು ಹತ್ತಿ ಸೀರೆ ಎಳೆದೆ.

ಕೆಳಗೆ ಬಂದು ಹೆಡ್‌ಫೋನ್ ಏರಿಸುವಷ್ಟರಲ್ಲಿ ಗರಗರ ಸದ್ದಿನ ನಡುವೆ ಒಡೆದ ದನಿಯೊಂದು ಕೇಳಿತು. "ಕಾಶಿ... ನಾ ಕೇಳಸ್ತೀನೇನು?"

ಕೇಳಿಸುತ್ತಿದ್ದೀರಿ ಎಂದೆ. ಅದನ್ನು ಎರಡು ಸಲ ಹೇಳಿದೆ.

ಒಂಬತ್ತಕ್ಕೆ ಕಾಕು ಅವರ ಬಾಗಿಲಲ್ಲಿ ನಿಂತು, ಮೇಷ್ಟರ ಗಂಟಲಿನಿಂದ ಹಿಡಿದು ಸೀರೆ ಮುಟ್ಟಿದ್ದರ ತನಕ ಎಲ್ಲವನ್ನೂ ಒಪ್ಪಿಸಿದೆ. ಅವರು ಕೈಯಲ್ಲಿದ್ದ ಗಂಗೆಯ ತಂಬಿಗೆ ಕೆಳಗಿಟ್ಟರು.

"ಸೀರಿ ಮಾತು ಆಮ್ಯಾಲೆ. ಅವರ ದನಿ ಬಂತಿಲ್ಲೋ?"

ಬಂತು ಎಂದೆ.

"ಹಂಗಾರ ಇವತ್ತಿನ ಉಪಾಸ ಅವರ ಹೆಸರಿಲೆ ಆಗ್ಲಿ ಬಿಡು."

ಅಂದು ಸಂಜೆಯೇ ತಾರಸಿಯ ಆಚೆ ತುದಿಯಲ್ಲಿ ಅವರಿಗೆಂದೇ ಎತ್ತರದ ಹಗ್ಗವೊಂದನ್ನು ಕಟ್ಟಿದೆ. ಇವತ್ತು ಹೊಸ ಆಂಟೆನಾ ಏರಿಸಬೇಕು. ಮೇಲೆ ಹತ್ತುವ ಮುಂಚೆ ಕೆಳಗಿಳಿದು ಹೋಗಿ, ಎಲ್ಲಿ ಕಟ್ಟಿದರೆ ಅಡ್ಡಿಯಿಲ್ಲ ಎಂದು ಕಾಕುವನ್ನು ಕೇಳಿದೆ. ಮೇಷ್ಟರ ಮಾತು ಚೆನ್ನಾಗಿ ಬರುವ ಕಡೆ ಕಟ್ಟು, ಹಗ್ಗ ಬೇಕಿದ್ದರೆ ಬಿಚ್ಚು ಎಂದರು.