ಪುಟ್ಟಮಾದೇಗೌಡರ ಹೆಸರಿನ ವ್ಯಾನು

2024ರ ಬೇಸಿಗೆಯಲ್ಲಿ ನಾನು ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ, ಟೈಲರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ತೆರಿಗೆ ಸಲಹೆಗಾರ್ತಿಯಾಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನನ್ನ ಮೇಜಿನ ಎರಡು ಕಡೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಪಾಲು ಕೇಳುವುದನ್ನು ಎಷ್ಟೋ ಸಲ ಕಂಡವಳು ನಾನು. ಹಾಗಾಗಿ ಮನುಷ್ಯರ ಒಳ್ಳೆಯತನದ ಬಗ್ಗೆ ಯಾರಾದರೂ ಭಾಷಣ ಶುರು ಮಾಡಿದರೆ ನಾನು ಕಂಪ್ಯೂಟರ್ ಕಡೆ ತಿರುಗಿಬಿಡುತ್ತೇನೆ.

ಆ ಬೇಸಿಗೆಯ ಒಂದು ಬೆಳಿಗ್ಗೆ ಅಕ್ಕೂರಿನ ಆಚೆಯ ಸಣ್ಣ ಹಳ್ಳಿಯೊಂದರಿಂದ ಪುಟ್ಟಮಾದೇಗೌಡರು ಎಂಬ ಹಿರಿಯರು ಬಂದರು. ಜೊತೆಯಲ್ಲಿ ವ್ಯಾನಿನ ಡ್ರೈವರ್ ಸಿದ್ದರಾಜು.

"ಮೇಡಮ್ಮ, ಸ್ಕೂಲ್ ಮಕ್ಳನ್ನ ಕರ್ಕೊಂಡೋಗೋ ಗಾಡಿಗೆ ಡೀಸೆಲ್ ತೆರಿಗೆ ವಾಪಸ್ ಕೊಡ್ತಾರಂತೆ. ನಮ್ದೂ ಒಸಿ ನೋಡಿ," ಅಂದರು ಗೌಡರು.

ಹಾಗಂತ ಅವರಿಗೆ ಯಾರು ಹೇಳಿದರೋ. ನಿಮಗೆ ಅಂಥದ್ದೇನೂ ಇಲ್ಲ ಗೌಡ್ರೇ ಎಂದು ಹೇಳಿ ಕಳಿಸುವವಳಿದ್ದೆ. ಅಷ್ಟು ದೂರದಿಂದ ಬಂದಿದ್ದಾರಲ್ಲ ಎಂದು ಅವರ ಕಾಗದಗಳ ಮೇಲೆ ಕಣ್ಣಾಡಿಸಿದೆ. ಪಟ್ಟಣದ ಒಂದು ಖಾಸಗಿ ಶಾಲೆ ಅವರ ವ್ಯಾನನ್ನು ಬಾಡಿಗೆಗೆ ಪಡೆದಿತ್ತು. ಹಾಗೆ ಬಾಡಿಗೆ ಕೊಡುವವರು ಆದಾಯ ತೆರಿಗೆಯ ಪಾಲನ್ನು ಮೊದಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು, ಅದೇ ಟಿಡಿಎಸ್. ಸಾಮಾನ್ಯವಾಗಿ ಅದು ಶೇಕಡ ಒಂದೋ ಎರಡೋ. ಗೌಡರು ಪ್ಯಾನ್‌ಗೆ ಆಧಾರ್ ಜೋಡಿಸಿರಲಿಲ್ಲ. ಹಾಗಾಗಿ ನಿಯಮದಂತೆ ಶೇಕಡ ಇಪ್ಪತ್ತು ಹೋಗುತ್ತಿತ್ತು. ಡೀಸೆಲ್ ತೆರಿಗೆ ಸಿಗದಿದ್ದರೂ, ಪ್ಯಾನ್ ಸರಿಪಡಿಸಿ ರಿಟರ್ನ್ ಸಲ್ಲಿಸಿದರೆ ಈ ಹಣ ರೀಫಂಡ್ ಆಗಿ ಬರುತ್ತದೆ ಎಂದೆ.

"ವ್ಯಾನ್ ನಿಮ್ಮದೇ ತಾನೆ?" ಎಂದು ಕೇಳಿದೆ, ಫಾರ್ಮ್ ತುಂಬಲು.

"ಹೆಸರು ನಂದು. ವ್ಯಾನ್ ಊರಿಂದು."

ಆಮೇಲೆ ಸಿದ್ದರಾಜು ಬಿಡಿಸಿ ಹೇಳಿದ. ಬೆಳಗಿನ ಬಸ್ಸು ಪಟ್ಟಣ ಸೇರುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಗಂಡುಮಕ್ಕಳು ಯಾರದ್ದೋ ಬೈಕು ಹತ್ತಿ ಹೋಗುತ್ತಿದ್ದರು, ಹೆಣ್ಣುಮಕ್ಕಳು ಏಳನೇ ಕ್ಲಾಸಿಗೇ ಓದು ಬಿಟ್ಟು ಮನೆಯಲ್ಲಿ ಉಳಿಯುತ್ತಿದ್ದರು. ಊರಿನ ರೇಷ್ಮೆ ಬೆಳೆಯುವ ಮನೆಗಳೆಲ್ಲ ಸೇರಿ ವ್ಯಾನು ತಂದವು. ಹಿರಿಯರೆಂದು ಗೌಡರ ಹೆಸರಿಗೆ ಮಾಡಿಸಿದರು. ಶಾಲೆಯ ಬಾಡಿಗೆ ಡ್ರೈವರ್ ಸಂಬಳಕ್ಕೆ, ರಿಪೇರಿಗೆ, ಇನ್ಶೂರೆನ್ಸಿಗೆ. ಡೀಸೆಲ್ ಮಾತ್ರ ಸರದಿ: ಮಾರುಕಟ್ಟೆಯಲ್ಲಿ ಯಾರು ರೇಷ್ಮೆಗೂಡು ಮಾರಿ ಬಂದರೋ ಆ ಮನೆಯವರು ಆ ಸಲ ಹಾಕಿಸಬೇಕು.

"ಇದಕ್ಕೆ ಲೆಕ್ಕ ಯಾರು ಬರೆಯುತ್ತಾರೆ?"

"ಬರೆಯೋದೇನು ಮೇಡಮ್ಮ, ಗೂಡು ಮಾರಿದ್ದು ಊರಿಗೇ ಗೊತ್ತಾಯ್ತದಲ್ಲ," ಅಂದರು ಗೌಡರು.

ಒಂದು ಸಾಲು ಬರಹವಿಲ್ಲದ ಈ ವ್ಯವಹಾರ ಒಂದು ದಿನ ಸಿಡಿಯುತ್ತದೆ ಎಂದುಕೊಂಡೆ. ಸಂಘ ನೋಂದಾಯಿಸಿ, ವ್ಯಾನು ಅದರ ಹೆಸರಿಗೆ ಮಾಡಿಕೊಳ್ಳಿ ಎಂದು ಗದರಿದೆ. ತಲೆಯಾಡಿಸಿ ಹೋದರು. ಮಾಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ರಿಟರ್ನ್ ಸಲ್ಲಿಸಿದ ಮೇಲೆ ರೀಫಂಡ್ ಮಂಜೂರಾಗಲು ತಡವಾಯಿತು. ಅಷ್ಟರಲ್ಲಿ ಗೌಡರು ತೀರಿಕೊಂಡರು. ಬ್ಯಾಂಕು ಅವರ ಖಾತೆ ನಿಲ್ಲಿಸಿತ್ತು, ಬಂದ ಹಣ ಇಲಾಖೆಗೇ ವಾಪಸಾಯಿತು.

ಮುಂದಿನ ಏಪ್ರಿಲ್‌ನಲ್ಲಿ ಸಿದ್ದರಾಜು ಒಬ್ಬನೇ ಬಂದ. ವ್ಯಾನಿನ ಇನ್ಶೂರೆನ್ಸ್ ಮುಗಿದಿತ್ತು, ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಎಫ್‌ಸಿ, ಮಾಡಿಸಬೇಕಿತ್ತು. ಎರಡಕ್ಕೂ ಆ ರೀಫಂಡೇ ಗತಿ: ರಜೆಯಲ್ಲಿ ಶಾಲೆಯ ಬಾಡಿಗೆ ಇರಲಿಲ್ಲ, ಆ ಸಲ ಊರಲ್ಲಿ ರೇಷ್ಮೆಹುಳಕ್ಕೆ ರೋಗ ಬಂದು ಬೆಳೆಯೂ ಹೋಗಿತ್ತು. ಸತ್ತವರ ರೀಫಂಡ್ ಪಡೆಯಲು ವಾರಸುದಾರರು ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ವ್ಯಾನಿನ ಹೆಸರು ಬದಲಾಯಿಸಲೂ ಅಷ್ಟೇ. ಗೌಡರ ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ವಾರಸುದಾರರು ಇಬ್ಬರೇ: ಮಗ ಕೆಂಪರಾಜು, ತಿಪ್ಪಸಂದ್ರಕ್ಕೆ ಕೊಟ್ಟ ಅವನ ಅಕ್ಕ ಜಯಮ್ಮ. ಜಮೀನಿನಲ್ಲಿ ತನಗೆ ಪಾಲು ಕೊಡಲಿಲ್ಲವೆಂದು ಜಯಮ್ಮ ಅಪ್ಪ ಇರುವಾಗಲೇ ತವರಿನ ಹೊಸಿಲು ಮೆಟ್ಟುವುದು ಬಿಟ್ಟಿದ್ದಳು. ಈಗ ತಮ್ಮನ ಮೇಲೆ ಕೇಸು ಹಾಕಿದ್ದಳು. ಅವಳು ಸಹಿ ಮಾಡದಿದ್ದರೆ ಶಾಲೆ ಬಾಗಿಲು ತೆರೆಯುವ ದಿನ ವ್ಯಾನು ಹೊರಡುವುದಿಲ್ಲ. ಹತ್ತನೇ ಕ್ಲಾಸಿಗೆ ಹೋಗಬೇಕಾದ ಹುಡುಗಿಯರೇ ಐದು ಜನ ಇದ್ದರು, ಅದರಲ್ಲಿ ಸಿದ್ದರಾಜುವಿನ ಮಗಳೂ ಒಬ್ಬಳು.

ಎಲ್ಲರನ್ನೂ ಒಂದು ದಿನ ಕರೆಸಿದೆ. ಅಕ್ಕ ತಮ್ಮ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ನನಗೆ ಧರ್ಮಸಂಕಟ. ಜಯಮ್ಮನಿಗೆ ಅವಳ ಹಕ್ಕು ಹೇಳದೆ ಸಹಿ ಹಾಕಿಸಿಕೊಂಡರೆ ಅದು ಮೋಸ, ಹೇಳಿದರೆ ವ್ಯಾನು ಹೋದಂತೆಯೇ ಎಂದು ನನ್ನ ಅನುಭವ ಹೇಳುತ್ತಿತ್ತು. ನಾನು ತಡವರಿಸುವುದನ್ನು ಕಂಡು ಸಿದ್ದರಾಜುವೇ ಬಾಯಿ ತೆರೆದ.

"ಎಲ್ಲಾ ಬುಡಿಸಿ ಹೇಳ್ಬುಡಿ ಮೇಡಮ್ಮ. ಜಯಕ್ಕಂಗೆ ಗೊತ್ತಿಲ್ದಂಗೆ ಸೈನ್ ಹಾಕುಸ್ಕೊಂಡ್ರು ಅಂತ ಆಗ್ಬಾರ್ದು."

ಮಗಳ ಓದು ಅವನ ಕೈತಪ್ಪುವುದರಲ್ಲಿತ್ತು, ಆದರೂ ಈ ಮಾತು. ಜಯಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ: ಕಾನೂನಿನ ಪ್ರಕಾರ ವ್ಯಾನಿನಲ್ಲಿ ಅರ್ಧ, ರೀಫಂಡಿನಲ್ಲಿ ಅರ್ಧ ನಿಮ್ಮದು. ಊರವರು ದುಡ್ಡು ಹಾಕಿದ್ದಕ್ಕೆ ಒಂದು ಚೀಟಿಯೂ ಇಲ್ಲ. ನೀವು ಕೇಳಿದರೆ ಯಾರೂ ತಡೆಯಲಾರರು.

ಜಯಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಜಮೀನ್ ವಿಷ್ಯ ನಾನು ಬುಟ್ಟಿಲ್ಲ ಕಣ್ಲಾ, ಬುಡಾದೂ ಇಲ್ಲ. ಅದು ಅಪ್ಪಂದು, ಅದ್ಕೆ ನಂಗೂ ಬರ್ಬೇಕು. ಕೋರ್ಟಲ್ಲೇ ಇಸ್ಕೊತೀನಿ." ನನ್ನ ಕಡೆ ನೋಡಿದಳು. "ವ್ಯಾನ್ ಅಪ್ಪಂದಲ್ಲ ಮೇಡಂ. ಅಪ್ಪಂದಲ್ದೇ ಇರೋದು ನಂಗೆ ಹೆಂಗ್ ಬತ್ತದೆ? ಎಲ್ಲಿ ಸೈನ್ ಹಾಕ್ಲಿ ಹೇಳಿ."

ಸಿಟ್ಟಿನಲ್ಲಿ ತಮ್ಮ ಪಾಲನ್ನೂ ಬಿಡುವವರನ್ನು ಕಂಡಿದ್ದೇನೆ, ಆಸೆಯಲ್ಲಿ ಬೇರೆಯವರದಕ್ಕೂ ಕೈ ಹಾಕುವವರನ್ನು ದಿನಾ ಕಾಣುತ್ತೇನೆ. ಒಂದು ಕಡೆ ಪಟ್ಟು ಬಿಡದೆ, ಇನ್ನೊಂದು ಕಡೆ ಕೈ ಚಾಚದೆ ಕೂತ ಇಂಥ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೇ ಕೊನೆಯ ವಾರ ರೀಫಂಡ್ ಕೆಂಪರಾಜುವಿನ ಖಾತೆಗೆ ಬಂತು. ಅವನು ಅದೇ ದಿನ ಸಿದ್ದರಾಜುವಿನ ಜೊತೆ ಹೋಗಿ ಇನ್ಶೂರೆನ್ಸ್ ಕಟ್ಟಿ, ಎಫ್‌ಸಿಗೂ ಕೊಟ್ಟುಬಂದ. ಶಾಲೆ ಶುರುವಾದ ದಿನ ವ್ಯಾನು ಹೊರಟಿತು.

ವ್ಯಾನಿನ ಹೆಸರಿನ ಪ್ರಶ್ನೆ ಮಾತ್ರ ಜಯಮ್ಮ ಸಹಿ ಹಾಕಿದ ದಿನವೇ ನನ್ನ ಕೋಣೆಯಲ್ಲಿ ತೀರ್ಮಾನವಾಗಿತ್ತು. ಸಂಘ ಮಾಡಿ ಎಂದು ನಾನು ಮತ್ತೆ ಶುರು ಮಾಡಿದೆ. ಮಾಡೋಣ, ಅಲ್ಲಿಯವರೆಗೆ ಒಂದು ಹೆಸರು ಬೇಕಲ್ಲ ಎಂದ ಸಿದ್ದರಾಜು. ಕೆಂಪರಾಜು ಎಂದು ಬರೆಯಲು ನಾನು ಪೆನ್ನು ಎತ್ತಿದ್ದೆ.

"ಅಕ್ಕನ ಹೆಸರ್ಗೇ ಮಾಡಿ," ಎಂದ ಕೆಂಪರಾಜು. ಅವನು ಆ ದಿನ ಆಡಿದ ಮೊದಲ ಮಾತು ಅದು.

"ನಾನು ಈಗ ಆ ಊರೋಳಲ್ಲ ಕಣೋ," ಎಂದಳು ಜಯಮ್ಮ.

"ನಂದಲ್ಲ ಅಂತ ಬಾಯ್ಬುಟ್ಟು ಹೇಳ್ದೋರು ನೀವೊಬ್ರೇ ಅಲ್ವಾ ಜಯಕ್ಕ. ಇನ್ಯಾರ್ ಹೆಸರಲ್ಲಿ ಮಡಗದು?" ಎಂದ ಸಿದ್ದರಾಜು.

ಇದು ಯಾರದು ಎಂದು ಕೇಳುತ್ತಲೇ ನನ್ನ ವೃತ್ತಿಜೀವನ ಕಳೆದಿದೆ. ಇದು ತನ್ನದಲ್ಲ ಎನ್ನಬಲ್ಲ ಒಬ್ಬರಿದ್ದರೆ ಒಂದು ಊರಿನ ಮಕ್ಕಳು ಶಾಲೆಗೆ ಹೋಗಬಹುದು ಎಂಬುದನ್ನು ಆ ಮೂವರಿಂದ ಕಲಿತೆ. ಅಕ್ಕ ತಮ್ಮನ ಜಮೀನಿನ ಕೇಸು ರಾಮನಗರದ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹೋಗುತ್ತಾರಂತೆ. ವ್ಯಾನು ಜಯಮ್ಮನ ಹೆಸರಿನಲ್ಲಿದೆ, ಮೊನ್ನೆ ಗೂಡು ಮಾರಿದ್ದು ಕೆಂಪರಾಜು, ಈ ವಾರದ ಡೀಸೆಲ್ ಅವನದು.